ಓದುಗರ ಪ್ರಶ್ನೆ: ಕಟಿಂಗ್ ಅಂಗಡಿ, ಬ್ಯೂಟಿ ಪಾರ್ಲರ್ ಮತ್ತು ಕಾಯ್ದೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕ್ಷೌರದಂಗಡಿ ಮತ್ತು ಪಾರ್ಲರಿಗೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಲವು ಅಂಗಡಿಯವರು ಬರೆದದ್ದು, ಕೆಲವು ಗಿರಾಕಿಗಳು ಬರೆದದ್ದು. ಹೆಸರು ಬೇಡ ಎಂದವರೇ ಹೆಚ್ಚಿದ್ದರಿಂದ ಊರಷ್ಟೇ ಹಾಕಿದ್ದೇವೆ.

ಪ್ರಶ್ನೆ: ಸೇಡಂ ರಸ್ತೆ ಕಡೆ ಬಾಡಿಗಿ ಮಳಿಗಿ ಹಿಡಿದೀನಿ. ಎರಡು ಕುರ್ಚಿ ಹಾಕಿ ಜೆಂಟ್ಸ್ ಸಲೂನ್ ಶುರು ಮಾಡಬೇಕಂತೀನಿ. ಕಟಿಂಗ್ ಮಾಡಲಿಕ್ಕೆ ಸರ್ಕಾರದ ಲೈಸನ್ಸ್ ಬೇಕೇನ್ರಿ? ಕೆಲಸ ಬರ್ತದ, ಸರ್ಟಿಫಿಕೇಟ್ ಇಲ್ಲ. (ಕಲಬುರಗಿ)

ಉತ್ತರ: ಕತ್ತರಿ ಹಿಡಿಯುವ ಕೈಗೆ ನಮ್ಮಲ್ಲಿ ಲೈಸನ್ಸ್ ಇಲ್ಲ. ಪರೀಕ್ಷೆ ಪಾಸಾದವರೇ ಕ್ಷೌರ ಮಾಡಬೇಕೆಂಬ ಕಾನೂನು ಕರ್ನಾಟಕದಲ್ಲಿಲ್ಲ. ಸರ್ಟಿಫಿಕೇಟ್ ಇಲ್ಲವೆಂದು ಯಾರೂ ನಿಮ್ಮ ಅಂಗಡಿ ಮುಚ್ಚಿಸುವಂತಿಲ್ಲ. ಲೈಸನ್ಸ್ ಬೇಕಾಗುವುದು ಅಂಗಡಿಗೆ. ಮುಖ್ಯವಾಗಿ ಎರಡು ಕಾಗದ ಬೇಕು, ಎರಡೂ ಬೇರೆ ಬೇರೆ ಇಲಾಖೆಯವು. ಒಂದು ಮಾಡಿಸಿ ಇನ್ನೊಂದು ಬಿಡುವವರೇ ಬಹಳ.

ಮೊದಲನೆಯದು ಟ್ರೇಡ್ ಲೈಸನ್ಸ್, ಕಚೇರಿ ಭಾಷೆಯಲ್ಲಿ ಉದ್ದಿಮೆ ಪರವಾನಗಿ. ಕಲಬುರಗಿಯಲ್ಲಿ ಇದನ್ನು ಮಹಾನಗರ ಪಾಲಿಕೆ ಕೊಡುತ್ತದೆ, 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಅಡಿ. ಯಾದಗಿರಿ, ಶಹಾಪುರ, ಸೇಡಂನಂಥ ಊರಲ್ಲಿ ನಗರಸಭೆ ಅಥವಾ ಪುರಸಭೆ, 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಅಡಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ. ಬಾಡಿಗೆ ಕರಾರು, ಮಳಿಗೆಯ ಆಸ್ತಿ ತೆರಿಗೆ ಕಟ್ಟಿದ ರಸೀದಿ, ಮಾಲೀಕರ ಒಪ್ಪಿಗೆ ಪತ್ರ, ಆಧಾರ್, ಫೋಟೊ ಇಟ್ಟುಕೊಂಡು ಹೋಗಿ. ಅರ್ಜಿ ನಿಲ್ಲುವುದು ಹೆಚ್ಚಾಗಿ ಎರಡು ಕಡೆ. ಕರಾರಿನಲ್ಲಿ ಮಾಲೀಕರ ಮಗನ ಹೆಸರು, ತೆರಿಗೆ ಪುಸ್ತಕದಲ್ಲಿ ತೀರಿಹೋದ ಅಪ್ಪನ ಹೆಸರು ಇರುತ್ತದೆ. ಇಲ್ಲವೇ ಮಳಿಗೆಯ ತೆರಿಗೆ ಬಾಕಿ ಇರುತ್ತದೆ. ಇವೆರಡನ್ನೂ ಮುಂಗಡ ಕೊಡುವ ಮೊದಲೇ ನೋಡಿ, ಕೊಟ್ಟ ಮೇಲೆ ಮಾಲೀಕರು ಕೈಗೆ ಸಿಗುವುದಿಲ್ಲ. ಈ ಪರವಾನಗಿ ಆ ಜಾಗಕ್ಕೆ ಸೇರಿದ್ದು. ಪಕ್ಕದ ಓಣಿಗೆ ಅಂಗಡಿ ಬದಲಿಸಿದರೂ ಹೊಸದಾಗಿ ಮಾಡಿಸಬೇಕು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದ ಲೆಕ್ಕದಲ್ಲಿ ನವೀಕರಣ ತಪ್ಪಿಸಬೇಡಿ.

ಎರಡನೆಯದು ಕಾರ್ಮಿಕ ಇಲಾಖೆಯ ನೋಂದಣಿ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ. ಅಂಗಡಿ ತೆರೆದ 30 ದಿನದೊಳಗೆ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅಲ್ಲಿಂದ ಬರುವ ಪ್ರಮಾಣಪತ್ರಕ್ಕೆ ಫಾರಂ ಸಿ ಎನ್ನುತ್ತಾರೆ. ಬ್ಯಾಂಕಿನವರು ಕರೆಂಟ್ ಖಾತೆ ತೆರೆಯುವಾಗ, ಸಾಲ ಕೊಡುವಾಗ ಕೇಳುವ ಕಾಗದಗಳಲ್ಲಿ ಇದೂ ಒಂದು. ಮುಂದೆ ಕೆಲಸಗಾರರನ್ನು ಇಟ್ಟುಕೊಂಡರೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ, ವಾರಕ್ಕೊಂದು ಪೂರ್ತಿ ರಜೆ, ಹೆಚ್ಚುವರಿ ಕೆಲಸಕ್ಕೆ ದುಪ್ಪಟ್ಟು ಕೂಲಿ ಇದೇ ಕಾಯ್ದೆಯಲ್ಲಿವೆ. ಹಬ್ಬದ ಮುನ್ನಾದಿನ ರಾತ್ರಿ ಹನ್ನೊಂದರವರೆಗೆ ನಿಲ್ಲಿಸಿಕೊಂಡು ಚಹಾ ಕುಡಿಸಿ ಕಳಿಸಿದರೆ ಲೆಕ್ಕ ಮುಗಿಯುವುದಿಲ್ಲ.

ನಾಮಫಲಕ ಬರೆಸುವಾಗ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ನೆನಪಿರಲಿ. ಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಫ್ಲೆಕ್ಸ್ ಅಂಗಡಿಯವರು ಕಂಪ್ಯೂಟರಿನಲ್ಲಿದ್ದ ಹಳೆಯ ಇಂಗ್ಲಿಷ್ ಡಿಸೈನಿಗೆ ಕೆಳಗೊಂದು ಸಣ್ಣ ಕನ್ನಡ ಸಾಲು ಸೇರಿಸಿ ಕೊಟ್ಟರೆ ಎರಡು ಸಲ ದುಡ್ಡು ಕೊಟ್ಟಂತಾಗುತ್ತದೆ.

ಅರ್ಜಿ ಕೊಟ್ಟಾಗ ಸಕಾಲದ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ಅದಿದ್ದರೆ ನಿಮ್ಮ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಎಂದು ಫೋನಿನಲ್ಲೇ ಗೊತ್ತಾಗುತ್ತದೆ. ಅವಧಿ ಮೀರಿದರೆ ಮೇಲ್ಮನವಿಗೂ ಅದೇ ಆಧಾರ. "ನಾಳೆ ಬರ್ರಿ" ಎಂಬ ಮಾತಿಗೆ ಈ ಸಂಖ್ಯೆಯಷ್ಟು ಒಳ್ಳೆಯ ಉತ್ತರ ಬೇರೆ ಇಲ್ಲ.

ಪ್ರಶ್ನೆ: ಉಸ್ತರಾಕ್ಕ ಪ್ರತಿ ಗಿರಾಕಿಗೂ ಹೊಸ ಅರ್ಧ ಬ್ಲೇಡ್ ಹಾಕ್ತೀನಿ. ಕತ್ತರಿ, ಬಾಚಣಿಕಿ ಡೆಟಾಲ್ ನೀರಾಗ ಇಡ್ತೀನಿ. ನೀಲಿ ಲೈಟಿನ ಪೆಟ್ಟಿಗಿನೂ ತಂದೀನಿ. ಇಷ್ಟು ಸಾಕಲ್ಲ? ಇನ್ಸ್‌ಪೆಕ್ಟರ್ ಬಂದ್ರ ಏನು ನೋಡ್ತಾರ? (ಸುರಪುರ ತಾಲ್ಲೂಕು)

ಉತ್ತರ: ನೀವು ಮಾಡುತ್ತಿರುವುದರಲ್ಲಿ ಅರ್ಧ ಸರಿ ಇದೆ. ಉಳಿದರ್ಧವನ್ನು ಬಿಡಿಸಿ ಹೇಳುತ್ತೇವೆ.

ಬ್ಲೇಡ್ ಬದಲಿಸುವುದು ಒಳ್ಳೆಯದು. ಆದರೆ ಉಸ್ತರಾದ ಬಾಯನ್ನು ಬೆಳಕಿಗೆ ಹಿಡಿದು ನೋಡಿ. ಬ್ಲೇಡ್ ಕೂರುವ ಸೀಳಿನಲ್ಲಿ ಒಣಗಿದ ನೊರೆ, ಚೂರು ಕೂದಲು, ಅಂಚಿನಲ್ಲಿ ಕಂದು ಬಣ್ಣದ ಒಂದು ಗೆರೆ ಕಾಣುತ್ತದೆ. ಆ ಗೆರೆಯಲ್ಲಿ ತುಕ್ಕೂ ಇರಬಹುದು, ಹಿಂದಿನ ಗಿರಾಕಿಯ ರಕ್ತವೂ ಇರಬಹುದು. ಹೊಸ ಬ್ಲೇಡನ್ನು ಅದರೊಳಗೇ ತೂರಿಸುತ್ತೀರಿ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಜೀವಂತ ಇರಬಲ್ಲದು. ಎಚ್‌ಐವಿ ಹೊರಗೆ ಬೇಗ ಸಾಯುತ್ತದೆ. ಜನ ಅದಕ್ಕೇ ಹೆಚ್ಚು ಹೆದರುತ್ತಾರೆ, ಕುರ್ಚಿಯ ಮೇಲೆ ಹೆಚ್ಚು ಅಪಾಯದ್ದು ಹೆಪಟೈಟಿಸ್. ಹಾಗಾಗಿ ಪ್ರತಿ ದಾಡಿ ಆದ ಮೇಲೆ ಬ್ಲೇಡ್ ತೆಗೆದು, ಉಸ್ತರಾ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸೋಪು ನೀರಿನಲ್ಲಿ ಆ ಸೀಳನ್ನು ತಿಕ್ಕಬೇಕು. ಮೂರು ಉಸ್ತರಾ ಇಟ್ಟುಕೊಂಡರೆ ಒಂದು ಕೈಯಲ್ಲಿ, ಒಂದು ದ್ರಾವಣದಲ್ಲಿ, ಒಂದು ಒಣಗುತ್ತ ಇರುತ್ತದೆ. ಗಿರಾಕಿ ಕಾಯಬೇಕಾಗುವುದಿಲ್ಲ.

ತೊಳೆಯುವುದು ಮೊದಲು, ಔಷಧಿ ಆಮೇಲೆ. ಈ ಕ್ರಮ ತಪ್ಪಿದರೆ ಎಲ್ಲವೂ ವ್ಯರ್ಥ. ಕೂದಲು, ಎಣ್ಣೆ, ನೊರೆ ಮೇಲಿದ್ದರೆ ದ್ರಾವಣದ ಶಕ್ತಿಯನ್ನು ಅವೇ ತಿಂದುಬಿಡುತ್ತವೆ, ಲೋಹದವರೆಗೆ ಅದು ಮುಟ್ಟುವುದೇ ಇಲ್ಲ. ಬೆಳಿಗ್ಗೆ ಲೋಟಕ್ಕೆ ಎರಡು ಮುಚ್ಚಳ ಡೆಟಾಲ್ ಹಾಕಿ ಸಂಜೆವರೆಗೆ ಅದರಲ್ಲೇ ಬಾಚಣಿಕೆ ಅದ್ದುತ್ತ ಹೋದರೆ ಮಧ್ಯಾಹ್ನದ ಹೊತ್ತಿಗೆ ಅದು ವಾಸನೆ ಇರುವ ಕೊಳೆ ನೀರು. ಗಾಯ ತೊಳೆಯುವ ಔಷಧಿಯನ್ನು ಈ ಕೆಲಸಕ್ಕೆ ನಂಬಬೇಡಿ.

ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದು ಬ್ಲೀಚಿಂಗ್ ಪೌಡರ್. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಕಲಸಿ, ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿ ಬಗ್ಗಿಸಿಕೊಳ್ಳಿ. ಹೆಚ್ಚುಕಡಿಮೆ ಶೇ 0.5ರ ಕ್ಲೋರಿನ್ ದ್ರಾವಣವಾಗುತ್ತದೆ. ಬಾಟಲಿಯಲ್ಲಿ ಬರುವ ಶೇ 5ರ ಬ್ಲೀಚ್ ಆದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಕತ್ತರಿ, ಉಸ್ತರಾ ಹತ್ತು ನಿಮಿಷ ಪೂರ್ತಿ ಮುಳುಗಿರಲಿ. ಅರ್ಧ ಗಂಟೆ ಬಿಟ್ಟರೆ ಸ್ಟೀಲ್ ಕೂಡ ತುಕ್ಕು ಹಿಡಿಯುತ್ತದೆ, ತುಕ್ಕಿನ ಗುಳಿಗಳಲ್ಲಿ ಮತ್ತೆ ಕೊಳೆ ಕೂರುತ್ತದೆ. ಹತ್ತು ನಿಮಿಷಕ್ಕೆ ತೆಗೆದು, ಒಳ್ಳೆ ನೀರಲ್ಲಿ ತೊಳೆದು, ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ದ್ರಾವಣವನ್ನು ದಿನಾ ಬೆಳಿಗ್ಗೆ ಹೊಸದಾಗಿ ಮಾಡಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಪೌಡರ್ ಚೀಲದಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಅದಕ್ಕೆ ಸಣ್ಣ ಪ್ಯಾಕೆಟ್ ತಂದು ಬಿಗಿ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಮೂಗಿಗೆ ಕ್ಲೋರಿನ್ ವಾಸನೆ ಹೊಡೆಯದಿದ್ದರೆ ಆ ಪೌಡರ್ ಕೆಲಸಕ್ಕೆ ಬರುವುದಿಲ್ಲ.

ಒಂದು ಎಚ್ಚರಿಕೆ. ನಮ್ಮ ಕಡೆ ಅಂಗಡಿಗಳ ನೆಲಕ್ಕೆ ಹೆಚ್ಚಾಗಿ ಶಹಾಬಾದ್ ಫರಸಿ. ಕಲೆ ಹೋಗಲೆಂದು ಅದಕ್ಕೆ ಆಸಿಡ್ ಸುರಿಯುವವರಿದ್ದಾರೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಸಿಡ್ ಬಿದ್ದಲ್ಲಿ ಬುರುಬುರು ನೊರೆ ಬಂದು ಬಿಳಿ ಮಚ್ಚೆಯಾಗಿ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಅದೇ ನೆಲದ ಮೇಲೆ ಬ್ಲೀಚಿಂಗ್ ನೀರು ಚೆಲ್ಲಿದ್ದರೆ ಎರಡೂ ಸೇರಿ ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಎಂಟು ಅಡಿಯ ಮಳಿಗೆಯಲ್ಲಿ ಶಟರ್ ಎಳೆದುಕೊಂಡು ತೊಳೆಯುವಾಗ ಇದು ಜೀವಕ್ಕೇ ಅಪಾಯ. ಫರಸಿಗೆ ಸೋಪು ನೀರು, ಬ್ರಶ್ ಸಾಕು.

ಟ್ರಿಮ್ಮರನ್ನು ನೀರಲ್ಲಿ ಮುಳುಗಿಸುವಂತಿಲ್ಲ. ಬ್ರಶ್ಶಿನಿಂದ ಕೂದಲು ತೆಗೆದು, ಶೇ 70ರ ಸ್ಪಿರಿಟ್ ಸಿಂಪಡಿಸಿ, ಹಲ್ಲು ಪೂರ್ತಿ ತೊಯ್ದು ತಾನಾಗಿ ಒಣಗಲು ಬಿಡಿ. ಶೇ 99ರದು ಸಿಕ್ಕರೆ ಅದು ಇನ್ನೂ ಒಳ್ಳೆಯದೆಂದು ತಿಳಿಯಬೇಡಿ, ಅದು ಕೆಲಸ ಮುಗಿಸುವ ಮೊದಲೇ ಆರಿಹೋಗುತ್ತದೆ. 70 ಮಿಲಿಲೀಟರಿಗೆ 30 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಬೆರೆಸಿಕೊಳ್ಳಿ. ಬೀಡಿ, ಗ್ಯಾಸ್ ಒಲೆ ಹತ್ತಿರ ಇಡಬೇಡಿ.

ನೀಲಿ ಲೈಟಿನ ಪೆಟ್ಟಿಗೆ ಸ್ವಚ್ಛ ಮಾಡಿದ ಸಾಮಾನು ಇಡುವ ಕಪಾಟು, ಅಷ್ಟೇ. ಬೆಳಕು ಬಿದ್ದ ಮುಖಕ್ಕೆ ಮಾತ್ರ ಸ್ವಲ್ಪ ಪರಿಣಾಮ. ಮಡಚಿದ ಕತ್ತರಿಯ ಒಳಮೈಗೆ, ಬಾಚಣಿಕೆಯ ಹಲ್ಲಿನ ಸಂದಿಗೆ ಬೆಳಕು ಹೋಗುವುದಿಲ್ಲ. ಪೂರ್ತಿ ಕ್ರಿಮಿ ಸಾಯಬೇಕಾದರೆ ಪ್ಲಾಸ್ಟಿಕ್ ಹಿಡಿ ಇಲ್ಲದ ಸ್ಟೀಲ್ ಸಾಮಾನನ್ನು ಪ್ರೆಶರ್ ಕುಕ್ಕರಿನಲ್ಲಿ ಜಾಲರಿ ಮೇಲಿಟ್ಟು, ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಬಿಡಿ. ಆ ಒತ್ತಡದಲ್ಲಿ ಶಾಖ ಸುಮಾರು 121 ಡಿಗ್ರಿ ಮುಟ್ಟುತ್ತದೆ. ವಾರದ ರಜೆಯ ದಿನ ಇದನ್ನು ರೂಢಿ ಮಾಡಿಕೊಳ್ಳಿ.

ಕೊಯ್ದ ಜಾಗಕ್ಕೆ ಎಲ್ಲರಿಗೂ ಒಂದೇ ತುರಟಿ ಹರಳು ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಹರಳನ್ನು ಕುಟ್ಟಿ ಪುಡಿ ಮಾಡಿ, ಚಿಟಿಕೆ ಪುಡಿಯನ್ನು ಹತ್ತಿಯಲ್ಲಿ ತೆಗೆದು ಒತ್ತಿ, ಹತ್ತಿ ಎಸೆಯಿರಿ. ಬಳಸಿದ ಬ್ಲೇಡುಗಳಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಮಾಡಿ, ಮುಚ್ಚಳಕ್ಕೆ ಸೀಳು ಕೊಯ್ಯಿರಿ. ಮುಕ್ಕಾಲು ತುಂಬಿದ ಮೇಲೆ ಟೇಪ್ ಸುತ್ತಿ, ಮೇಲೆ "ಬ್ಲೇಡ್" ಎಂದು ದೊಡ್ಡದಾಗಿ ಬರೆದು ಕಸದ ಗಾಡಿಯವರ ಕೈಗೆ ಬೇರೆಯಾಗಿ ಕೊಡಿ. ಕೂದಲಿನ ಚೀಲದಲ್ಲಿ ಬ್ಲೇಡ್ ಹಾಕಿದರೆ ಕೊಯ್ಯುವುದು ಪೌರಕಾರ್ಮಿಕರ ಕೈಯನ್ನು.

ಆರೋಗ್ಯ ನಿರೀಕ್ಷಕರು ಬಂದರೆ ಪರವಾನಗಿ, ನೀರು, ಚರಂಡಿ, ಕಸ, ಟವೆಲ್ ನೋಡುತ್ತಾರೆ. ಸೀಳಿನೊಳಗಿನ ಕಂದು ಗೆರೆಯನ್ನು ಬಗ್ಗಿ ನೋಡುವವರು ಕಡಿಮೆ. ಅದನ್ನು ನೋಡಬೇಕಾದವರು ನೀವೇ. ಇನ್ನೊಂದು ನಿಮ್ಮ ಜೀವಕ್ಕೆ ಸಂಬಂಧಿಸಿದ್ದು. ದಿನಾ ಬ್ಲೇಡ್ ಮುರಿಯುವವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕು. ಮೂರು ಡೋಸ್, ಮೊದಲನೆಯದರಿಂದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಪ್ರಶ್ನೆ: ನಮ್ಮೂರಾಗ ನನ್ನದೊಂದೇ ಕಟಿಂಗ್ ಅಂಗಡಿ. ಎಸ್‌ಸಿ ಓಣಿಯ ಹುಡುಗರಿಗೆ ಕಟಿಂಗ್ ಮಾಡಿದ್ರ ಉಳಿದವರು ಬರಲ್ಲ ಅಂತ ಹಿರಿಯರು ಹೇಳ್ಯಾರ. ಸುಗ್ಗಿಗೆ ಜೋಳ, ತೊಗರಿ ಆಯ ಅವರೇ ಕೊಡೋರು. ನಾ ಏನು ಮಾಡಲಿ? (ಯಾದಗಿರಿ ಜಿಲ್ಲೆ)

ಉತ್ತರ: ಕಷ್ಟದಲ್ಲಿ ಸಿಕ್ಕಿ ಕೇಳಿದ್ದೀರಿ, ನೇರವಾಗಿ ಹೇಳುತ್ತೇವೆ. ಜಾತಿ ನೋಡಿ ಕ್ಷೌರ ನಿರಾಕರಿಸುವುದು ಅಪರಾಧ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸಿದವರಿಗೆ ಒಂದರಿಂದ ಆರು ತಿಂಗಳ ಜೈಲು ಮತ್ತು ದಂಡ. 8ನೇ ಸೆಕ್ಷನ್ ಪ್ರಕಾರ ಕೋರ್ಟು ಅಂಗಡಿಯ ಲೈಸನ್ಸನ್ನೇ ರದ್ದು ಮಾಡಿಸಬಹುದು. 12ನೇ ಸೆಕ್ಷನ್ ಇನ್ನೂ ಗಟ್ಟಿಯಾದದ್ದು. ನಿರಾಕರಿಸಿದ್ದು ಪರಿಶಿಷ್ಟ ಜಾತಿಯವರಿಗೆ ಆಗಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಎಂದು ಕೋರ್ಟು ಮೊದಲೇ ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದು. "ಇವತ್ತು ಬ್ಲೇಡ್ ಇಲ್ಲ", "ಕರೆಂಟ್ ಇಲ್ಲ" ಎಂಬ ನೆಪ ಅಲ್ಲಿ ನಿಲ್ಲುವುದು ಕಷ್ಟ. ಇದರ ಮೇಲೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಮಾತೊಂದಿದೆ. ಅದೇ 1955ರ ಕಾಯ್ದೆ ನಿಮ್ಮ ಬೆನ್ನಿಗೂ ನಿಲ್ಲುತ್ತದೆ. ಅಸ್ಪೃಶ್ಯತೆ ಆಚರಿಸಲು ಒಪ್ಪದವರನ್ನು ಅವರ ಸಮುದಾಯದವರು ಹೊರಗಿಟ್ಟರೆ, ಅವರ ಹಕ್ಕು ಕಿತ್ತುಕೊಂಡರೆ, 7ನೇ ಸೆಕ್ಷನ್‌ನ 2ನೇ ಉಪವಿಧಿಯಲ್ಲಿ ಅದು ಶಿಕ್ಷೆಗೆ ಅರ್ಹ ಅಪರಾಧ. ನಿರಾಕರಿಸುವಂತೆ ನಿಮ್ಮನ್ನು ಒತ್ತಾಯಿಸುವುದು ಕೂಡ ಅಪರಾಧಕ್ಕೆ ಕುಮ್ಮಕ್ಕು.

ಮಾಡಬೇಕಾದ್ದು ಇಷ್ಟು. ದರಪಟ್ಟಿ ಬರೆದು ಗೋಡೆಗೆ ಹಾಕಿ, ಬಂದವರಿಗೆ ಬಂದ ಸರದಿಯಂತೆ ಕೂರಿಸಿ. ಒಂದೇ ಕುರ್ಚಿ, ಒಂದೇ ಕತ್ತರಿ. ಬೇರೆ ಟವೆಲ್, ಬೇರೆ ವೇಳೆ ಎಂದು ಮಾಡಿದರೆ ಅದೂ ತಾರತಮ್ಯವೇ. ಯಾರು, ಯಾವ ದಿನ, ಏನೆಂದು ಬೆದರಿಸಿದರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾಲ್ಲೂಕು ಸಮಾಜ ಕಲ್ಯಾಣ ಇಲಾಖೆ ಕಚೇರಿಗೆ, ತಹಶೀಲ್ದಾರರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತುರ್ತಿದ್ದರೆ 112. ನಿರಾಕರಣೆಗೆ ಒಳಗಾದವರು 14566 ಸಹಾಯವಾಣಿಗೆ ಕರೆ ಮಾಡಬಹುದು. ನೀವು ಮೊದಲು ದೂರು ಕೊಟ್ಟಿದ್ದರೆ ನಾಳೆ ಪೊಲೀಸರು ಊರಿಗೆ ಬಂದಾಗ ಆರೋಪಿ ಯಾರು, ಒತ್ತಡಕ್ಕೆ ಸಿಕ್ಕವರು ಯಾರು ಎಂಬುದು ಕಾಗದದಲ್ಲೇ ಇರುತ್ತದೆ. ಆಯದ ನಷ್ಟ ಸಣ್ಣದಲ್ಲ, ಅದು ನಮಗೂ ಗೊತ್ತು. ಆದರೆ ವರ್ಷದ ಆಯಕ್ಕೆ ಕೈ ಚಾಚುವುದಕ್ಕಿಂತ ಕಟಿಂಗಿಗೆ ಇಷ್ಟು, ದಾಡಿಗೆ ಇಷ್ಟು ಎಂದು ರೊಕ್ಕಕ್ಕೆ ಮಾಡುವ ಅಂಗಡಿಯ ಮೇಲೆ ಬೆದರಿಸುವವರ ಹಿಡಿತ ಸಡಿಲ.

ಪ್ರಶ್ನೆ: ಬೀದರ್‌ನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸುತ್ತೇನೆ. ಹೆಚ್ಚಿನವರು ಫೋನ್‌ಪೇ ಮಾಡುತ್ತಾರೆ. ಜಿಎಸ್‌ಟಿ ನೋಟಿಸ್ ಬರುತ್ತದೆಂದು ಹೆದರಿಸುತ್ತಾರೆ. ನಿಜವೇ? (ಬೀದರ್)

ಉತ್ತರ: ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ ಕಡ್ಡಾಯ. ವರ್ಷಪೂರ್ತಿ ಒಂದು ದಿನವೂ ಬಿಡದೆ ದಿನಕ್ಕೆ ಸುಮಾರು 5,480 ರೂಪಾಯಿ ಬಂದರೆ ಆ ಗೆರೆ ಮುಟ್ಟುತ್ತೀರಿ. ಲಾಭದ ಲೆಕ್ಕ ಅಲ್ಲ, ಬಂದ ಒಟ್ಟು ಹಣ. ಮಾರಿದ ಶಾಂಪೂ, ಬಳೆಯೂ ಅದರಲ್ಲಿ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದು ನಿಜ. ಅದಕ್ಕೇ ಪಾರ್ಲರಿನ ಕ್ಯೂಆರ್ ಬೇರೆ ಖಾತೆಗೆ ಇರಲಿ. ತಮ್ಮ ಕಳಿಸಿದ ಸಾಲ, ಚೀಟಿ ದುಡ್ಡು, ಸಂಘದ ಕಂತು ಎಲ್ಲ ಒಂದೇ ಖಾತೆಗೆ ಬಂದರೆ ಯಾವುದು ವ್ಯಾಪಾರದ್ದೆಂದು ಬಿಡಿಸಿ ತೋರಿಸುವುದು ನಿಮ್ಮ ತಲೆನೋವಾಗುತ್ತದೆ. ಮಿತಿ ದಾಟಿದರೂ ಗಾಬರಿ ಬೇಡ. 2025ರ ಸೆಪ್ಟೆಂಬರ್ 22ರಿಂದ ಸಲೂನ್, ಪಾರ್ಲರ್ ಸೇವೆಯ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವಂತಿಲ್ಲ.

ನೀವು ಕೇಳದ ಒಂದು ವಿಷಯ. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಹೇರ್ ಡ್ರೈಯರ್, ವ್ಯಾಕ್ಸ್ ಹೀಟರ್, ಸ್ಟೀಮರ್ ಅದೇ ಮೀಟರಿನಲ್ಲಿ ಓಡುತ್ತಿದ್ದರೆ ಜೆಸ್ಕಾಂನಲ್ಲಿ ಆ ಕೋಣೆಗೆ ವಾಣಿಜ್ಯ ಮೀಟರ್ ಕೇಳಿ. ಮನೆಯೊಳಗಿನ ಪಾರ್ಲರಿಗೂ ಟ್ರೇಡ್ ಲೈಸನ್ಸ್ ಬೇಕು.

ಥ್ರೆಡಿಂಗ್ ಮಾಡುವಾಗ ದಾರದ ತುದಿ ಹಲ್ಲಿನಲ್ಲಿ ಕಚ್ಚುವ ರೂಢಿ ಇದ್ದರೆ ಬಿಟ್ಟುಬಿಡಿ. ಎಂಜಲು ದಾರದಲ್ಲಿ ಇಳಿದು ಹುಬ್ಬಿನ ಕಿತ್ತ ರಂಧ್ರಕ್ಕೆ ಹೋಗುತ್ತದೆ. ದಾರವನ್ನು ಕುತ್ತಿಗೆಗೆ ಕುಣಿಕೆ ಹಾಕಿಕೊಂಡರೆ ಎರಡೇ ದಿನದಲ್ಲಿ ಕೈ ಪಳಗುತ್ತದೆ. ವ್ಯಾಕ್ಸ್ ಡಬ್ಬಿಗೆ ಒಮ್ಮೆ ಮೈಗೆ ಮುಟ್ಟಿಸಿದ ಕಡ್ಡಿಯನ್ನು ಮತ್ತೆ ಅದ್ದಬೇಡಿ, ಆ ಬೆಚ್ಚಗಿನ ವ್ಯಾಕ್ಸ್‌ನಲ್ಲಿ ಕ್ರಿಮಿ ಸಾಯುವುದಿಲ್ಲ.

ಪ್ರಶ್ನೆ: ಮಗಳ ಮದುವೆಗೆಂದು ಪಾರ್ಲರಿನಲ್ಲಿ ಹೇರ್ ಡೈ ಹಚ್ಚಿಸಿಕೊಂಡೆ. ಮರುದಿನ ಕಣ್ಣು, ಹಣೆ ಬಾತು ಮುಖವೇ ಕಾಣದಂತಾಯಿತು. ಇನ್ನೊಂದು ಕಡೆ ಹೆಸರಿಲ್ಲದ ಡಬ್ಬಿಯ ಫೇರ್‌ನೆಸ್ ಕ್ರೀಮ್ ಕೊಟ್ಟಿದ್ದಾರೆ. ಯಾರನ್ನು ಕೇಳುವುದು? (ಹುಮನಾಬಾದ್)

ಉತ್ತರ: ಬಾವು ಇಳಿದಿಲ್ಲವಾದರೆ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ತೋರಿಸಬಹುದು. ಉಸಿರಾಟಕ್ಕೆ ತೊಂದರೆಯಾದರೆ ಒಂದು ನಿಮಿಷವೂ ತಡೆಯಬೇಡಿ.

ಹೀಗಾಗುವುದಕ್ಕೆ ಸಾಮಾನ್ಯ ಕಾರಣ ಪ್ಯಾರಾ ಫಿನೈಲಿನ್ ಡೈಅಮೈನ್, ಲೇಬಲ್‌ಗಳಲ್ಲಿ ಪಿಪಿಡಿ. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲೂ ಇದಿರುತ್ತದೆ. ಇದಿರುವ ಡೈ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಮುದ್ರಿಸಬೇಕೆಂಬುದು ಕಾನೂನು. ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಸ್ವಲ್ಪ ಹಚ್ಚಿ, 24 ಗಂಟೆ ಬಿಟ್ಟು ನೋಡಬೇಕು. ಪ್ರತಿ ಸಲವೂ ನೋಡಬೇಕು, ಹತ್ತು ವರ್ಷ ಏನೂ ಆಗದವರಿಗೆ ಹನ್ನೊಂದನೇ ಸಲ ಆಗುವುದುಂಟು. ಹುಬ್ಬಿಗೆ, ರೆಪ್ಪೆಗೆ ಹಚ್ಚಲೇಬಾರದು, ಕಣ್ಣು ಹೋಗಬಹುದು. ಮದುವೆಯ ಹಿಂದಿನ ದಿನ ಬಂದವರಿಗೆ 24 ಗಂಟೆ ಎಲ್ಲಿಂದ ತರುವುದು ಎನ್ನುತ್ತಾರೆ ಪಾರ್ಲರಿನವರು. ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ದಿನವೇ ಕಿವಿ ಹಿಂದೆ ಒಂದು ಚುಕ್ಕೆ ಇಟ್ಟು ಕಳಿಸಿದರಾಯಿತು.

ಇನ್ನು ಆ ಹೆಸರಿಲ್ಲದ ಡಬ್ಬಿ. ಅದನ್ನು ಎಸೆಯಬೇಡಿ, ಹಚ್ಚಲೂ ಬೇಡಿ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಬಳಕೆಯ ಕೊನೆಯ ದಿನ, ಒಳಗೇನಿದೆ ಎಂಬ ಪಟ್ಟಿ ಇರಬೇಕು. ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಇರಬೇಕು. ವಾರದಲ್ಲಿ ಬೆಳ್ಳಗೆ ಮಾಡುವ ಕ್ರೀಮುಗಳಲ್ಲಿ ಪಾದರಸವೋ ಸ್ಟೀರಾಯ್ಡೋ ಇರುವ ಸಂಭವ ಹೆಚ್ಚು. ನಮ್ಮ ನಿಯಮ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಪಾದರಸವನ್ನು ಬೇಕೆಂದು ಸೇರಿಸಲು ಬಿಡುವುದೇ ಇಲ್ಲ, ಅರಿಯದೆ ಸೇರಿದ್ದೂ ಹತ್ತು ಲಕ್ಷ ಪಾಲಿಗೆ ಒಂದು ಪಾಲು ಮೀರಬಾರದು. ಇಂಥ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿದ್ದನ್ನು ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ವರದಿ ಮಾಡಿದ್ದಾರೆ. ಮುಖ, ಕಾಲು ಬಾತರೆ, ಮೂತ್ರ ನೊರೆನೊರೆಯಾದರೆ ಪರೀಕ್ಷೆ ಮಾಡಿಸಿ. ಡಬ್ಬಿಯನ್ನು ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ದೂರಿನ ಜೊತೆ ಕೊಡಿ.

ಪರಿಹಾರಕ್ಕೆ 1915 ಗ್ರಾಹಕ ಸಹಾಯವಾಣಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ವ್ಯಾಜ್ಯಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಬಿಲ್ಲು ಅಥವಾ ಯುಪಿಐ ದಾಖಲೆ, ಬಾತ ಮುಖದ ದಿನಾಂಕವಿರುವ ಫೋಟೊ, ಡಾಕ್ಟರ ಚೀಟಿ ಇರಲಿ. ಕೂದಲು ತಪ್ಪಾಗಿ ಕತ್ತರಿಸಿದ ದೆಹಲಿಯ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಆಯೋಗ 2021ರಲ್ಲಿ 2 ಕೋಟಿ ಪರಿಹಾರ ಬರೆದಿತ್ತು. ಅಷ್ಟು ನಷ್ಟಕ್ಕೆ ಸಾಕ್ಷ್ಯ ಎಲ್ಲಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರುವಿಚಾರಣೆಗೆ ಕಳಿಸಿತು. ನೋವು ದೊಡ್ಡದಿದ್ದರೂ ಕಾಗದ ಇಲ್ಲದಿದ್ದರೆ ಆಯೋಗದಲ್ಲಿ ಅದರ ತೂಕ ಕಡಿಮೆ.

ಪ್ರಶ್ನೆ: ಪಾರ್ಲರಿನಲ್ಲಿ ಪಿಆರ್‌ಪಿ, ಬೊಟಾಕ್ಸ್, ನರೂಲಿ ಸುಡುವುದು ಎಲ್ಲ ಮಾಡುತ್ತೇವೆ ಎಂದು ಬೋರ್ಡ್ ಹಾಕಿದ್ದಾರೆ. ಮಾಡಬಹುದೇ? (ಕಲಬುರಗಿ)

ಉತ್ತರ: ಮಾಡಬಾರದು. ಪಿಆರ್‌ಪಿ ಎಂದರೆ ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ದ್ರವವನ್ನು ಚುಚ್ಚುವುದು, ಬೊಟಾಕ್ಸ್ ಎಂದರೆ ಸುಕ್ಕು ಹೋಗಲು ಕೊಡುವ ಚುಚ್ಚುಮದ್ದು. ಸೂಜಿ ಚರ್ಮದೊಳಗೆ ಹೋಯಿತೆಂದರೆ ಅದು ಚಿಕಿತ್ಸೆ. ಅರ್ಹ ವೈದ್ಯರು ಬೇಕು, ಜಾಗಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಕೂದಲು ಕಸಿ ಯಾರು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ, ವಿಡಿಯೊ ನೋಡಿ ಕಲಿತವರು ಮಾಡುವಂತಿಲ್ಲ ಎಂದೂ ಹೇಳಿದೆ. ದೂರು ಜಿಲ್ಲಾ ಆರೋಗ್ಯಾಧಿಕಾರಿಗೆ.

ಪ್ರಶ್ನೆ: ಕಟಿಂಗ್ ಆದ ಮ್ಯಾಲ ಕುತ್ತಿಗಿ ತಿರುವಿ ಲಟಕ್ ಅನಿಸ್ತಾರ. ಹಗುರ ಅನಸ್ತದ. ಏನರ ತೊಂದ್ರಿ ಅದ ಏನ್ರಿ? (ಶಹಾಪುರ)

ಉತ್ತರ: ಇದೆ. ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆ ಮೂಳೆಯ ತೂತುಗಳೊಳಗಿಂದ ಹೋಗುತ್ತವೆ. ಝಾಡಿಸಿ ತಿರುವಿದಾಗ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಅಪರೂಪ, ಆದರೆ ಒಮ್ಮೆ ಹಾಗಾಯಿತೆಂದರೆ ಮತ್ತೆ ಸರಿಪಡಿಸಲಾಗದು. ತಲೆ ತೊಳೆಯುವ ಬೇಸಿನ್ನಿನ ಅಂಚಿಗೆ ಕುತ್ತಿಗೆ ಬಹಳ ಹಿಂದೆ ಬಾಗಿಸಿದಾಗಲೂ ಹೀಗಾದದ್ದನ್ನು ವೈದ್ಯರು 1993ರಲ್ಲೇ ದಾಖಲಿಸಿದ್ದಾರೆ. ತಲೆ, ಭುಜ ಒತ್ತಿಸಿಕೊಳ್ಳಿ, ತಿರುವಲು ಬಿಡಬೇಡಿ. ಬೇಸಿನ್ನಿನ ಅಂಚಿಗೆ ಟವೆಲ್ ಮಡಚಿ ಇಡಲು ಹೇಳಿ.

ಪ್ರಶ್ನೆ: ಪಿಎಂ ವಿಶ್ವಕರ್ಮದಲ್ಲಿ ನಮಗೆ ಏನು ಸಿಗುತ್ತದೆ? ನನ್ನ ಹೆಂಡತಿ ಬ್ಯೂಟಿಷಿಯನ್, ಅವಳೂ ಹಾಕಬಹುದೇ? (ಆಳಂದ)

ಉತ್ತರ: 2023ರ ಸೆಪ್ಟೆಂಬರ್ 17ರಂದು ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿ ಇದೆ, ಬ್ಯೂಟಿಷಿಯನ್ ಇಲ್ಲ. ಒಂದು ಕುಟುಂಬಕ್ಕೆ ಒಬ್ಬರೇ ಆದ್ದರಿಂದ ನೀವು ಹಾಕಿ. ವಯಸ್ಸು 18 ತುಂಬಿರಬೇಕು, ಮನೆಯಲ್ಲಿ ಸರ್ಕಾರಿ ನೌಕರರು ಇರಬಾರದು. ಐದಾರು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಾಮಾನಿಗೆ 15,000 ರೂಪಾಯಿಯ ಇ-ವೋಚರ್. ಆಮೇಲೆ ಜಾಮೀನಿಲ್ಲದೆ ಶೇ 5ರ ಬಡ್ಡಿಗೆ 1 ಲಕ್ಷ ಸಾಲ, 18 ತಿಂಗಳ ಕಂತು. ತಿಂಗಳಿಗೆ ಸುಮಾರು 5,780 ರೂಪಾಯಿ ಬೀಳುತ್ತದೆ, ಅಂಗಡಿಯ ಗಳಿಕೆ ನೋಡಿಕೊಂಡು ತೆಗೆದುಕೊಳ್ಳಿ. ಅದನ್ನು ತೀರಿಸಿದರೆ 2 ಲಕ್ಷ, 30 ತಿಂಗಳು.

ಅರ್ಜಿ ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರದಲ್ಲಿ. ಆಧಾರಿಗೆ ಜೋಡಿಸಿದ ಮೊಬೈಲ್ ಸಿಮ್ ಚಾಲ್ತಿಯಲ್ಲಿರಬೇಕು, ಒಟಿಪಿ ಅದಕ್ಕೇ ಬರುವುದು. ಅರ್ಜಿ ಮೊದಲು ಪಂಚಾಯಿತಿ ಅಥವಾ ಪುರಸಭೆಯ ಪರಿಶೀಲನೆಗೆ ಹೋಗುತ್ತದೆ. ಹಾಕಿದ ವಾರದೊಳಗೆ ಅಲ್ಲಿ ಹೋಗಿ ಕೇಳದಿದ್ದರೆ ಮೊದಲ ಮೆಟ್ಟಿಲಲ್ಲೇ ಕೂತಿರುತ್ತದೆ. ಹಳೆಯ ಮುದ್ರಾ ಅಥವಾ ಸ್ವನಿಧಿ ಸಾಲ ಇದ್ದರೆ ಪೂರ್ತಿ ತೀರಿಸಿದ ಪತ್ರ ಇಟ್ಟುಕೊಳ್ಳಿ. ನಿಮ್ಮವರಿಗೆ ಐಟಿಐನ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸ್ ಒಳ್ಳೆಯ ದಾರಿ, ಹತ್ತನೇ ತರಗತಿ ಪಾಸಾಗಿರಬೇಕು.

ಪ್ರಶ್ನೆ: ಅಮೆರಿಕದಲ್ಲಿ ಕಟಿಂಗ್ ಮಾಡಲು ಸರ್ಕಾರದ ಪರೀಕ್ಷೆ ಇದೆಯಂತೆ. ನಮ್ಮಲ್ಲೂ ಬೇಡವೇ? (ಬಸವಕಲ್ಯಾಣ)

ಉತ್ತರ: ಅಲ್ಲಿ ಪ್ರತಿ ರಾಜ್ಯವೂ ಲೈಸನ್ಸ್ ಕೊಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಾರ್ಬರ್ ಆಗಲು ಮೊದಲು 1,500 ಗಂಟೆ ಶಾಲೆಯಲ್ಲಿ ಕಲಿಯಬೇಕಿತ್ತು, 2022ರಿಂದ 1,000ಕ್ಕೆ ಇಳಿಸಿದ್ದಾರೆ. ಶುಲ್ಕದ ಸಾಲ ತೀರಿಸಲಾಗದ ಬಡವರು ಕಸುಬಿನಿಂದಲೇ ಹೊರಗುಳಿಯುತ್ತಾರೆ ಎಂಬ ಕೂಗು ಅದಕ್ಕೆ ಒಂದು ಕಾರಣ. ಇಂಗ್ಲೆಂಡಿನಲ್ಲಿ ಕಡ್ಡಾಯ ಲೈಸನ್ಸೇ ಇಲ್ಲ, ಅಲ್ಲಿನ 1964ರ ಕೇಶ ವಿನ್ಯಾಸಕರ ಕಾಯ್ದೆಯ ನೋಂದಣಿ ಬೇಕಾದವರಿಗೆ ಮಾತ್ರ.

ನಮ್ಮ ಅಭಿಪ್ರಾಯ ಇದು. ತಲೆಮಾರುಗಳಿಂದ ಸವಿತಾ, ಹಡಪದ ಮನೆತನಗಳು ಅಪ್ಪನ ಪಕ್ಕ ನಿಂತು ಕಲಿತ ಕಸುಬಿಗೆ ಸಾವಿರ ಗಂಟೆಯ ಶಾಲೆ ಕಡ್ಡಾಯ ಮಾಡಿದರೆ ಹಳ್ಳಿಯ ಅಂಗಡಿಗಳು ಮುಚ್ಚುತ್ತವೆ, ದುಡ್ಡಿದ್ದವರ ಅಂಗಡಿ ಉಳಿಯುತ್ತದೆ. ಅಮೆರಿಕದಿಂದ ತರಬೇಕಾದ್ದು ಆ ಗಂಟೆಗಳನ್ನಲ್ಲ, ಅಲ್ಲಿನ ಅಂಗಡಿಗಳಲ್ಲಿ ಕನ್ನಡಿ ಮುಂದೆ ಕತ್ತರಿ, ಬಾಚಣಿಕೆ ಮುಳುಗಿಸಿಡುವ ಬಾರ್ಬಿಸೈಡ್ ಎಂಬ ನೀಲಿ ದ್ರಾವಣದ ಜಾಡಿಯನ್ನು. 16 ಪಾಲು ನೀರಿಗೆ 1 ಪಾಲು ಆ ಔಷಧಿ, ಹತ್ತು ನಿಮಿಷ ಪೂರ್ತಿ ಮುಳುಗಿರಬೇಕು, ದಿನಾ ಬದಲಿಸಬೇಕು. ಪಾಲಿಕೆಯವರು ಪರವಾನಗಿ ನವೀಕರಣದ ದಿನ ಎರಡು ಗಂಟೆ ಈ ಒಂದು ಪಾಠ ಕನ್ನಡ, ಉರ್ದು ಎರಡರಲ್ಲೂ ಮಾಡಿ ತೋರಿಸಿದರೆ ನಮ್ಮ ಮೂರು ಜಿಲ್ಲೆಗೆ ಅಷ್ಟು ಸಾಕು.

ಪ್ರಶ್ನೆ: ತಂಗಿಯ ಮಗ, 13 ವರ್ಷ. ಸಾಲಿ ಬಿಡಿಸಿ ನನ್ನ ಅಂಗಡ್ಯಾಗ ಕಲೀಲಿಕ್ಕೆ ಹಚ್ಚಬಹುದೇನ್ರಿ? (ಚಿತ್ತಾಪುರ)

ಉತ್ತರ: ಬೇಡ. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷ ಜೈಲು, 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಸೋದರಮಾವನ ಅಂಗಡಿ ಕುಟುಂಬದ ಅಂಗಡಿ ಅಲ್ಲವೇ ಎಂದು ನೀವು ವಾದಿಸಬಹುದು. ಕುಟುಂಬದ ಕೆಲಸಕ್ಕೆ ಕೈಜೋಡಿಸಲು ಕಾನೂನು ಬಿಟ್ಟಿರುವುದು ಶಾಲೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಮಾತ್ರ. ಶಾಲೆ ಬಿಡಿಸಿದ ಕ್ಷಣ ಆ ವಿನಾಯಿತಿ ಮುಗಿಯಿತು. ಸಂಜೆ ಬಂದು ಟವೆಲ್ ಮಡಚಲಿ, ಕತ್ತರಿ ಹಿಡಿಯುವುದನ್ನು ನೋಡಲಿ. ಬ್ಲೇಡಿನ ಡಬ್ಬಿ, ಬ್ಲೀಚಿಂಗ್ ನೀರು, ಡೈ ಅವನ ಕೈಗೆ ಕೊಡಬೇಡಿ. ಹತ್ತನೇ ತರಗತಿ ಮುಗಿಸಿ ಬಂದರೆ ಐಟಿಐ ಬಾಗಿಲೂ ತೆರೆದಿರುತ್ತದೆ, ನಿಮ್ಮ ಎರಡನೇ ಕುರ್ಚಿಯೂ ಇರುತ್ತದೆ.